ಹಾಡು ಮುಗಿಯುವವರೆಗೆ ಏಳುವುದಿಲ್ಲ

ಆ ಭಾನುವಾರ ಬೆಳಕು ಹರಿಯುವ ಮುನ್ನ ನಾನು ಮಾಡಿ ಮುಗಿಸಿದ ಕೆಲಸಗಳನ್ನು ಮೊದಲು ಹೇಳಿಬಿಡುತ್ತೇನೆ. ಅತ್ತೆಯವರ ಮಂಡಿಗೆ ಹಚ್ಚುವ ಎಣ್ಣೆ ಬಿಸಿ ಮಾಡಿದ್ದಾಯಿತು. ಸ್ನಾನದ ನೀರಿಗೆ ಬಾಯ್ಲರ್ ಹಚ್ಚಿದ್ದಾಯಿತು. ಹಾಲು ಉಕ್ಕದಂತೆ ಅದರೆದುರು ಕಾವಲು ನಿಂತು, ನಿಂತಲ್ಲಿಂದಲೇ ಪಕ್ಕದ ಬರ್ನರಿನಲ್ಲಿ ತರಕಾರಿ ಬೇಯಿಸಿದ್ದಾಯಿತು. ನಮ್ಮವರ ಅಂಗಿಗೆ ಇಸ್ತ್ರಿ ಹಾಕಿದೆ. ಇದೂ ಬೆಂಕಿಯ ಕೆಲಸವೇ, ಬೆಂಕಿ ವೈರಿನೊಳಗೆ ಅಡಗಿ ಕೂತಿರುತ್ತದೆ ಅಷ್ಟೆ. ಹಾಲ್ ಗುಡಿಸಿ, ಕುರ್ಚಿಗಳನ್ನು ಅರ್ಧಚಂದ್ರಾಕಾರವಾಗಿ ಜೋಡಿಸಿ, ನಮ್ಮವರ ಸ್ಪೀಕರ್ ಪೆಟ್ಟಿಗೆಗಳನ್ನು ಅವರೇ ಆರಿಸಿ ಕೊಟ್ಟ ಮೆತ್ತನೆಯ ಬಟ್ಟೆಯಿಂದ, ಎಳೆಗೂಸಿನ ಮೈ ಒರೆಸುವ ಹಾಗೆ ಒರೆಸಿದೆ. ಇಷ್ಟೆಲ್ಲ ಮುಗಿದ ಮೇಲೆ ಸೂರ್ಯ ಎಂಬ ಇನ್ನೊಬ್ಬ ಬೆಂಕಿಯವನು ಆರಾಮಾಗಿ ಎದ್ದು ಬಂದ. ಗಂಡಸಲ್ಲವೆ, ಎಲ್ಲ ತಯಾರಾದ ಮೇಲೆ ಬರುವುದೇ ಅಭ್ಯಾಸ!

ಅವನನ್ನು ಸಾಕ್ಷಿಯಾಗಿಟ್ಟುಕೊಂಡು ನಾನೊಂದು ಪ್ರತಿಜ್ಞೆ ಮಾಡಿದೆ. ಇವತ್ತು ಮಧ್ಯಾಹ್ನ ಹಾಡು ಶುರುವಾದ ಗಳಿಗೆಯಿಂದ ಮುಗಿಯುವವರೆಗೆ ನಾನು ಕುರ್ಚಿಯಿಂದ ಏಳುವುದಿಲ್ಲ. ಭೂಮಿ ಬಿರಿಯಲಿ, ಆಕಾಶ ಕಳಚಲಿ, ಬಾಗಿಲಿಗೆ ಗ್ಯಾಸಿನವನೇ ಬರಲಿ!

ಇಷ್ಟು ಘೋರ ಪ್ರತಿಜ್ಞೆ ಯಾಕೆ ಎಂದರೆ, ನಮ್ಮವರು ಅಪರೂಪದ ಹಾಡುಗಳ ಗೆಳೆಯರ ಬಳಗವೊಂದರ ಸ್ಥಾಪಕ ಅಧ್ಯಕ್ಷರು. ತಿಂಗಳಿಗೊಮ್ಮೆ ನಮ್ಮ ಮನೆಯ ಹಾಲ್‌ನಲ್ಲೇ ಸಭೆ. ಪ್ರತಿ ಸಭೆಗೆ ಒಂದು ವಿಷಯ. ಅದರ ಮೇಲೆ ಜನ ಅಷ್ಟಾಗಿ ಕೇಳಿರದ ಹಾಡನ್ನು ಪ್ರತಿಯೊಬ್ಬರೂ ತರಬೇಕು. ತಂದ ಹಾಡು ಕೋಣೆಯಲ್ಲಿರುವ ಒಬ್ಬರಿಗಾದರೂ ಗೊತ್ತಿದ್ದರೆ ಅದು ಅಪರೂಪದ್ದಲ್ಲ, ಹೊರಗೆ. ಹಾಡು ನಡೆಯುವಾಗ ಯಾರೂ ಏಳುವಂತಿಲ್ಲ. ತಂದವರೇ ಎದ್ದರೆ ಹಾಡು ರದ್ದು. ಬೇರೆಯವರು ಎದ್ದರೆ ಮುಂದಿನ ಮೂರು ಸಭೆಗಳಿಂದ ಅವರೇ ರದ್ದು. ಹಿಂದೊಮ್ಮೆ ಹಲ್ಲಿನ ಡಾಕ್ಟರು ಹಾಡಿನ ನಡುವೆ ಎದ್ದು ಯಾರದೋ ದವಡೆ ಹಲ್ಲಿನ ಬಗ್ಗೆ ಫೋನಿನಲ್ಲಿ ಮಾತಾಡಿದ ಮೇಲೆ ನಮ್ಮವರೇ ಮೇಜು ಕುಟ್ಟಿ ಮಾಡಿದ ನಿಯಮ ಇದು. ಹೊಸಬರಿಗೆ ಸಿಗುವುದು ಒಂದೇ ಅವಕಾಶ. ಹಾಡು ಗೆದ್ದರೆ ಸದಸ್ಯತ್ವ, ಬಿದ್ದರೆ ನಮಸ್ಕಾರ.

ಹೆಂಗಸರು ಬರಬಾರದೆಂಬ ನಿಯಮ ಇಲ್ಲ. ಅದರ ಅಗತ್ಯವೇ ಬಿದ್ದಿಲ್ಲ.

ಇಷ್ಟು ವರ್ಷ ಆ ಹಾಡುಗಳನ್ನು ನಾನೂ ಕೇಳುತ್ತಲೇ ಬಂದಿದ್ದೇನೆ, ಆದರೆ ಒಂದನ್ನೂ ಪೂರ್ತಿ ಕೇಳಿಲ್ಲ. ಪಲ್ಲವಿಗೆ ಕಾಫಿ ಹಿಡಿದು ಒಳಗೆ ಬಂದರೆ ಮೊದಲ ಚರಣಕ್ಕೆ ಖಾಲಿ ಲೋಟದೊಂದಿಗೆ ಹೊರಗೆ. ಎರಡನೇ ಚರಣ ನಲ್ಲಿಯ ಸದ್ದಿನಲ್ಲಿ ಮುಳುಗುತ್ತದೆ. ಹೀಗಾಗಿ ನನ್ನ ತಲೆಯಲ್ಲಿ ನೂರಾರು ಹಾಡುಗಳಿವೆ, ಎಲ್ಲವೂ ಅರ್ಧ. ಎಷ್ಟೋ ವಿರಹಿಣಿಯರ ನಲ್ಲ ಮರಳಿ ಬಂದನೋ ಇಲ್ಲವೋ ನನಗೆ ಇವತ್ತಿಗೂ ತಿಳಿಯದು. ಒಂದು ಹಾಡನ್ನು ಮೊದಲಿನಿಂದ ಕೊನೆಯವರೆಗೆ, ಕೂತು, ಕೈಯಲ್ಲಿ ಏನನ್ನೂ ಹಿಡಿಯದೆ ಕೇಳಬೇಕು. ನನಗೆ ಬೇಕಿದ್ದದ್ದು ಇಷ್ಟೇ. ಅದಕ್ಕೊಂದು ಕುರ್ಚಿ ಬೇಕು, ಕುರ್ಚಿಗೆ ಸದಸ್ಯತ್ವ ಬೇಕು.

ಈ ತಿಂಗಳ ವಿಷಯ ಬೆಂಕಿ ಎಂದು ನಮ್ಮವರು ಊಟದ ಹೊತ್ತಿನಲ್ಲಿ ಘೋಷಿಸಿದಾಗ ಸೌಟು ನನ್ನ ಕೈಯಲ್ಲೇ ನಿಂತಿತು.

“ನನ್ನ ಹತ್ರ ಒಂದು ಹಾಡಿದೆ,” ಎಂದೆ.

“ಯಾವ ರೆಕಾರ್ಡು?”

“ರೆಕಾರ್ಡಿಲ್ಲ. ಬಾಯಲ್ಲಿದೆ.”

ಅವರು ನಗಲಿಲ್ಲ. ನಕ್ಕಿದ್ದರೆ ಎಷ್ಟೋ ವಾಸಿಯಿತ್ತು. ಮನೆಗೆ ಬಂದೊದಗಿದ ಸಂಕಟವನ್ನು ನನಗೆ ಮೆಲ್ಲಗೆ ಮನವರಿಕೆ ಮಾಡಿಸುವವರಂತೆ ಕೇಳಿದರು: “ನೀನು ಬಂದು ಕೂತ್ರೆ ಕಾಫಿ ಯಾರು ತರ್ತಾರೆ?”

“ನಿಮ್ಮ ನಿಯಮದಲ್ಲಿ ಕಾಫಿ ಅಂತ ಎಲ್ಲಾದ್ರೂ ಇದೆಯಾ?”

ಇರಲಿಲ್ಲ. ನಿಯಮ ಮಾಡಿದವರಿಗೆ ಕಾಫಿ ತಾನಾಗಿಯೇ ಬರುವ ವಸ್ತು, ಗಾಳಿಯ ಹಾಗೆ. ಮೂರನೆಯ ದಿನ ನಮ್ಮವರು ರಾಜ್ಯಭಾರ ವಹಿಸಿಕೊಳ್ಳುವ ಗಾಂಭೀರ್ಯದಿಂದ ಹೇಳಿದರು: ಕಾಫಿಯನ್ನು ತಾವೇ ಮಾಡುತ್ತಾರೆ, ನಾನು ಅಡುಗೆಮನೆಯ ಕಡೆ ತಲೆಯನ್ನೂ ಹಾಕಬೇಕಾಗಿಲ್ಲ. ಹಾಲು ಎಷ್ಟು, ಸಕ್ಕರೆಯ ಡಬ್ಬ ಎಲ್ಲಿ, ಒಲೆಯ ಯಾವ ನಾಬ್ ಯಾವ ಬರ್ನರಿಗೆ ಎಂದು ವಿಚಾರಿಸಿದರು. ಆ ಅಡುಗೆಮನೆಯಲ್ಲಿ ಅವರು ಹುಟ್ಟಿದಾಗಿನಿಂದ ಉಂಡಿದ್ದಾರೆ!

ಮಧ್ಯಾಹ್ನ ಬಳಗ ಬಂತು. ಹಲ್ಲಿನ ಡಾಕ್ಟರು, ಕಾರ್ಯದರ್ಶಿಗಳಾದ ನಿವೃತ್ತ ಪೋಸ್ಟ್‌ಮಾಸ್ಟರು, ಅವರ ಹಿಂದೆ ಇನ್ನೂ ನಾಲ್ಕಾರು ಮಂದಿ. ನಾನು ಕುರ್ಚಿಯಲ್ಲಿ ಕೂತಿರುವುದನ್ನು ಕಂಡು ಒಬ್ಬರು, ಮೈಗೆ ಹುಷಾರಿಲ್ಲವೇ ಎಂದು ಕೇಳಿದರು. ಅತ್ತೆ ಎಂದಿನಂತೆ ತಮ್ಮ ಕೋಣೆಯಲ್ಲಿ, ಮಂಡಿಗೆ ಬಟ್ಟೆ ಸುತ್ತಿಕೊಂಡು ಮಲಗಿದ್ದರು. ಅವರು ಸಭೆಯ ಕಡೆ ಬಂದವರೇ ಅಲ್ಲ.

ನಮ್ಮವರು ಹಾಲನ್ನು ಒಲೆಯ ಮೇಲಿಟ್ಟು, ಒಂದೇ ನಿಮಿಷ ಕೂತು ಹೋಗೋಣವೆಂದು ಹೊರಬಂದರು. ಬಂದು ಕೂತರು. ಕೂತ ತಕ್ಷಣ ಪೋಸ್ಟ್‌ಮಾಸ್ಟರು ಗಂಟಲು ಸರಿಪಡಿಸಿಕೊಂಡು ಸಭೆ ಆರಂಭ ಎಂದುಬಿಟ್ಟರು.

ಮೊದಲ ಹಾಡು ನಮ್ಮವರದೇ. ಕಾಡ್ಗಿಚ್ಚಿನ ಬಗ್ಗೆ, ಗೀರುಗೀರಾದ ಹಳೆಯ ರೆಕಾರ್ಡು. ಎರಡನೇ ಸಾಲಿಗೇ ಪೋಸ್ಟ್‌ಮಾಸ್ಟರು ಕಣ್ಮುಚ್ಚಿ ಗುನುಗತೊಡಗಿದರು, ಹಾಡು ಹೊರಗೆ. ನಮ್ಮವರ ಮುಖ ಬೂದಿಯಾಯಿತು. ಅದೇ ದುಃಖದಲ್ಲಿ ಹಾಲನ್ನು ಮರೆತರೆಂದು ಕಾಣುತ್ತದೆ. ಡಾಕ್ಟರದು ದೀಪದ ಹಾಡು. ದೀಪವನ್ನು ಬೆಂಕಿ ಎನ್ನಬಹುದೇ ಎಂಬ ಚರ್ಚೆ ಎದ್ದು, ಉರಿಯುವುದೆಲ್ಲ ಬೆಂಕಿ ಎಂದು ಡಾಕ್ಟರು, ಹಾಗಾದರೆ ಹೊಟ್ಟೆಯುರಿಯೂ ಬೆಂಕಿಯೇ ಎಂದು ಇನ್ನೊಬ್ಬರು. ಕೊನೆಗೆ ಆ ಹಾಡೂ ಬಿತ್ತು. ಆಮೇಲೆ ನನ್ನ ಸರದಿ.

ನನ್ನಜ್ಜಿ ಸೌದೆ ಒಲೆಯ ಮುಂದೆ ಕೂತು, ಹೊತ್ತಿಕೊಳ್ಳದ ಬೆಂಕಿಯನ್ನು ಬೈಯುತ್ತ ಹಾಡುತ್ತಿದ್ದ ಹಾಡು ಅದು. ಸೆರಗು ಸರಿಮಾಡಿಕೊಂಡು ಎತ್ತಿದೆ:

“ಏಳೋ ಏಳೋ ಒಲೆರಾಯ,
ಊದಿ ಊದಿ ಒಣಗಿತು ಬಾಯ.
ಹಸಿ ಸೌದೆ ತಂದವನು ತಾನೇ ಒಳಗೆ
ಹೊದ್ದು ಮಲಗಿಹನು, ನನ್ನ ಕಣ್ಣಿಗೆ ಹೊಗೆ.”

ಯಾರೂ ಗುನುಗಲಿಲ್ಲ. ಯಾರಿಗೂ ಗೊತ್ತಿರಲಿಲ್ಲ! ಪೋಸ್ಟ್‌ಮಾಸ್ಟರು ಮುಂದಕ್ಕೆ ಬಾಗಿದರು. ಡಾಕ್ಟರು ಬಾಯಿ ತೆರೆದರು, ತಮ್ಮ ರೋಗಿಗಳ ಹಾಗೆ. ಇನ್ನು ಎರಡು ಚರಣ ದಾಟಿದರೆ ಕುರ್ಚಿ ನನ್ನದು.

ಆಗ ಬಂತು ವಾಸನೆ.

ಹಾಲು ಸೀಯುವುದರಲ್ಲಿ ಹಲವು ಹಂತಗಳಿವೆ. ಉಕ್ಕಿ ಬರ್ನರಿಗೆ ಬಿದ್ದದ್ದು ಒಂದು ವಾಸನೆ, ತಳ ಹಿಡಿದದ್ದು ಇನ್ನೊಂದು, ಪಾತ್ರೆ ಕರಕಲಾದದ್ದು ಮತ್ತೊಂದು. ಮೊದಲನೆಯದು ಬಂದಾಗ ಸಭೆಯಲ್ಲಿದ್ದ ಎಲ್ಲ ಮೂಗುಗಳೂ ಒಮ್ಮೆ ಮೇಲೆದ್ದವು. ಆಮೇಲೆ ಎಲ್ಲ ಕಣ್ಣುಗಳೂ ನನ್ನ ಕಡೆ ತಿರುಗಿದವು. ಹಾಲು ಇಟ್ಟವರ ಕಡೆ ಒಂದು ಕಣ್ಣಾದರೂ ತಿರುಗಬೇಕಲ್ಲ!

ನಮ್ಮವರು ಹುಬ್ಬು ಕುಣಿಸಿದರು. ಆ ಹುಬ್ಬಿನ ಭಾಷೆ ನನಗೆ ಬಾಯಿಪಾಠ. ಎಡಹುಬ್ಬು ಏರಿದರೆ ನೀರು, ಎರಡೂ ಏರಿದರೆ ಬಂದವರಿಗೆ ತಿಂಡಿ. ಈಗ ಎರಡೂ ಹುಬ್ಬು, ಮೂಗು, ಗಡ್ಡ, ಕಾಲಿನ ಹೆಬ್ಬೆರಳು ಎಲ್ಲವೂ ಅಡುಗೆಮನೆಯ ಕಡೆಗೆ ದಾರಿ ತೋರುವ ಕೈಕಂಬಗಳಂತೆ ಚಾಚಿದ್ದವು. ತಾವು ಏಳುವಂತಿಲ್ಲ, ಎದ್ದರೆ ಸ್ಥಾಪಕ ಅಧ್ಯಕ್ಷರೇ ಮೂರು ಸಭೆ ಹೊರಗೆ. ನಾನು ಎದ್ದರೆ ಹೋಗುವುದು ಒಂದು ಹಾಡು ತಾನೇ?

ನಾನು ಶ್ರುತಿ ಏರಿಸಿ ಎರಡನೇ ಚರಣಕ್ಕೆ ಹೋದೆ.

ಹೊಗೆ ಸಭೆಯೊಳಗೆ ಅತಿಥಿಯ ಹಾಗೆ ಸಂಕೋಚದಿಂದ ಬಂತು, ಆಮೇಲೆ ಸದಸ್ಯನ ಹಾಗೆ ಕಾಲು ಚಾಚಿತು. ಡಾಕ್ಟರ ಕಣ್ಣಲ್ಲಿ ನೀರು. ಪೋಸ್ಟ್‌ಮಾಸ್ಟರು ಅದನ್ನು ಹಾಡಿನ ಮಹಿಮೆ ಎಂದು ತಿಳಿದು ತಾವೂ ಕಣ್ಣೊರೆಸಿಕೊಂಡರು. ಬೆಂಕಿಯ ಬಗ್ಗೆ ಲೋಕದಲ್ಲಿರುವ ಹಾಡುಗಳನ್ನೆಲ್ಲ ಅರೆದು ಕುಡಿದ ಅಷ್ಟು ಜನ, ಪಕ್ಕದ ಕೋಣೆಯಲ್ಲಿ ಉರಿಯುತ್ತಿರುವುದನ್ನು ಆರಿಸಲು ಒಬ್ಬ ಹೆಂಗಸು ಎದ್ದೇಳಲಿ ಎಂದು ಶಿಸ್ತಾಗಿ ಕೂತು ಕಾಯುತ್ತಿದ್ದರು!

“ಏನೋ ಸುಡ್ತಾ ಇದೆ,” ಎಂದರು ನಮ್ಮವರು, ತುಟಿ ಅಲುಗಿಸದೆ.

ಸುಡಲಿ ಎಂದುಕೊಂಡೆ. ಇಷ್ಟು ವರ್ಷ ಸುಡದ ಹಾಗೆ ನೋಡಿಕೊಂಡಾಗ ಯಾರಿಗಾದರೂ ವಾಸನೆ ಬಂದಿತ್ತೇ?

ಅಷ್ಟರಲ್ಲಿ ಹೊಗೆಯ ವಾಸನೆ ಬದಲಾಯಿತು. ಇದು ಹಾಲಲ್ಲ, ಬಟ್ಟೆ. ನಮ್ಮವರು ಮಸಿಬಟ್ಟೆಯನ್ನು ಒಲೆಯ ಪಕ್ಕದಲ್ಲೇ ಬಿಟ್ಟು ಬಂದಿದ್ದಾರೆ! ಪ್ರತಿಜ್ಞೆ, ಕುರ್ಚಿ, ಸದಸ್ಯತ್ವ ಎಲ್ಲ ಒಂದು ಕಡೆ. ಒಳಕೋಣೆಯಲ್ಲಿ ಬೇಗ ಏಳಲಾಗದ ಅತ್ತೆ ಇನ್ನೊಂದು ಕಡೆ. ಹಾಡುತ್ತಲೇ ಕುರ್ಚಿಯ ಕೈ ಹಿಡಿದು ಅರ್ಧ ಎದ್ದೆ.

ಅಡುಗೆಮನೆಯಲ್ಲಿ ದಢಾರನೆ ಪಾತ್ರೆ ಬಿದ್ದ ಸದ್ದು. ಚುಂಯ್ ಎಂದು ನೀರು ಸುರಿದ ಸದ್ದು. ಆಮೇಲೆ ಹೊಗೆಯ ನಡುವಿನಿಂದ ಒಂದು ದನಿ:

“ತಪ್ಪು ಹಾಡ್ತಿದ್ದೀಯ.”

ಬಾಗಿಲಿನಲ್ಲಿ ಅತ್ತೆ. ಒಂದು ಕೈ ಗೋಡೆಯ ಮೇಲೆ, ಇನ್ನೊಂದರಲ್ಲಿ ಇಕ್ಕಳ, ಇಕ್ಕಳದಲ್ಲಿ ಕಪ್ಪಾದ ಹಾಲಿನ ಪಾತ್ರೆ.

“ತಂದವನು ಅಲ್ಲ. ತಂದವನ ತಾಯಿ. ‘ಹಸಿ ಸೌದೆ ತಂದವನ ತಾಯಿ ಒಳಗೆ, ಹೊದ್ದು ಮಲಗಿಹಳು, ನನ್ನ ಕಣ್ಣಿಗೆ ಹೊಗೆ.’ ನಮ್ಮತ್ತೆ ಮಲಗಿದ್ದಾಗ ನಾನು ದಿನಾ ಹಾಡ್ತಿದ್ದೆ.”

ನಾನು ಕುಸಿದು ಕೂತೆ. ಅಜ್ಜಿಯ ಹಾಡಿನಲ್ಲೂ ಇದ್ದದ್ದು ತಾಯಿಯೇ. ಒಳಗೆ ಹೊದ್ದು ಮಲಗಿರುವ ಅತ್ತೆಗೆ ಕೇಳಿಸಿದರೆ ನೊಂದಾರು ಎಂದು ನಾನೇ ದೊಡ್ಡ ಮನಸ್ಸು ಮಾಡಿ ತಾಯಿಯನ್ನು ತೆಗೆದು ಮಗನನ್ನು ಮಲಗಿಸಿದ್ದೆ. ಆ ಔದಾರ್ಯಕ್ಕೆ ನಾನು ಮನಸ್ಸಿನಲ್ಲೇ ನನಗೊಂದು ಶಾಲು ಹೊದಿಸಿಕೊಂಡದ್ದೂ ಉಂಟು. ಅತ್ತೆ ಅಷ್ಟಕ್ಕೇ ಬಿಡದೆ, ನನಗೆ ಗೊತ್ತೇ ಇಲ್ಲದ ಚರಣವೊಂದನ್ನು ಎತ್ತಿದರು:

“ಬೂದಿ ತೆಗೆಯುವ ಕೈಗೆ ಬಳೆ ಯಾಕೆ ಎಂದ,
ಬಳೆ ಮಾರಿ ತನಗೊಂದು ಕಂಬಳಿಯ ತಂದ.”

ನಮ್ಮವರು ಈಗ ಛಂಗನೆ ಎದ್ದು ಅಡುಗೆಮನೆಗೆ ಓಡಿದರು. ಆರಿದ ಬೆಂಕಿಯನ್ನು ಆರಿಸಲು.

“ಹಾಡು ನಡೀತಿತ್ತು,” ಎಂದರು ಪೋಸ್ಟ್‌ಮಾಸ್ಟರು ಶೋಕದಿಂದ. “ಅಧ್ಯಕ್ಷರು ಎದ್ದರು.”

ಅಧ್ಯಕ್ಷರ ಪ್ರಕರಣ ಅಲ್ಲಿಗೆ ಇತ್ಯರ್ಥವಾಯಿತು. ಉಳಿದದ್ದು ನನ್ನದು. ನಾನು ಎದ್ದದ್ದು ಅರ್ಧ, ಆದ್ದರಿಂದ ಎದ್ದಂತಲ್ಲ ಎಂದು ಎಲ್ಲರೂ ಒಪ್ಪಿದರು. ತೊಡಕು ಬೇರೆಯೇ ಇತ್ತು: ಹಾಡು ಒಬ್ಬರಿಗೆ ಗೊತ್ತಿದೆ. ಆಗ ಡಾಕ್ಟರು ಕಣ್ಣೊರೆಸಿಕೊಳ್ಳುತ್ತ, ಮನಃಪೂರ್ವಕವಾಗಿ ನನಗೆ ಉಪಕಾರ ಮಾಡಲೆಂದೇ ದಾರಿ ತೋರಿಸಿದರು.

“ನಿಯಮ ಇರೋದು ಈ ಕೋಣೆಯಲ್ಲಿರೋರಿಗೆ. ಅವರು ಅಡುಗೆಮನೆಯಲ್ಲಿದ್ರು. ಅಡುಗೆಮನೆ ಲೆಕ್ಕಕ್ಕಿಲ್ಲ.”

ಸಭೆ ತಲೆದೂಗಿತು. ಮಸಿ ಕೈಯಲ್ಲಿ ಹಿಂದಿರುಗಿ ಬಂದ ನಮ್ಮವರ ಮುಖ ಕೂಡ ಅರಳಿತು. ತಾವು ಹೊರಗಾದರೂ ಕುರ್ಚಿ ಮನೆಯಲ್ಲೇ ಉಳಿಯುತ್ತದಲ್ಲ. “ಹೂಂ ಅನ್ನು, ಮುಗೀತು,” ಎಂದು ಪಿಸುಗುಟ್ಟಿದರು.

“ಏನಮ್ಮ, ನೀವೇ ಹೇಳಿಬಿಡಿ,” ಎಂದರು ಪೋಸ್ಟ್‌ಮಾಸ್ಟರು. “ನಿಮ್ಮತ್ತೆ ಇಲ್ಲಿ ಇದ್ರು ಅನ್ನೋಣವೋ, ಇರಲಿಲ್ಲ ಅನ್ನೋಣವೋ?”

ತಲೆ ಅಲ್ಲಾಡಿಸಿದ್ದರೆ ಸಾಕಿತ್ತು. ಮುಂದಿನ ತಿಂಗಳಿನಿಂದ ಪಲ್ಲವಿ, ಚರಣ, ಎಲ್ಲವೂ ಪೂರ್ತಿ ನನ್ನವು. ಅತ್ತೆ ಏನೂ ಅನ್ನುತ್ತಿರಲಿಲ್ಲ. ಆಗಲೇ ಪಾತ್ರೆ ಹಿಡಿದು ಒಳಗೆ ತಿರುಗುತ್ತಿದ್ದರು. ಇಷ್ಟು ಜನರ ಹಾಡು ಇವರ ಕಿವಿಗೂ ಗೋಡೆಯ ಆಚೆಯಿಂದಲೇ ಬಿದ್ದಿದೆ ಎಂಬುದು ನನಗೆ ಆಗ ಹೊಳೆಯಿತು. ನನಗಿಂತ ಎಷ್ಟು ವರ್ಷ ಹೆಚ್ಚು, ಅರ್ಧ ಕೇಳಿದ ಹಾಡುಗಳೂ ಎಷ್ಟು ಹೆಚ್ಚು! ಈ ಕೋಣೆಯಲ್ಲಿ ಯಾರೂ ಕೇಳಿರದ ಹಾಡು ಎರಡು ಮನೆಯ ಒಲೆಗಳ ಮುಂದೆ ದಿನಾ ಉರಿದಿತ್ತು. ಅಪರೂಪವಾಗಿದ್ದು ಹಾಡಲ್ಲ, ಕೇಳುವವರು.

“ಇದ್ರು,” ಎಂದೆ. “ಅಡುಗೆಮನೆ ಲೆಕ್ಕಕ್ಕಿದೆ.”

“ಹಾಗಾದ್ರೆ ನಿಮ್ಮ ಹಾಡು ಬಿತ್ತು, ತಾಯಿ.”

“ಬೀಳಲಿ.”

ನಮ್ಮವರು ತಲೆಯ ಮೇಲೆ ಕೈಯಿಟ್ಟುಕೊಂಡರು. ಮಸಿ ಹಣೆಗೂ ಆಯಿತು. ನಾನು ಎದ್ದು ಹೋಗಿ ಅತ್ತೆಯವರ ಕೈಯಿಂದ ಪಾತ್ರೆ ತೆಗೆದು ಅಧ್ಯಕ್ಷರ ಕೈಗಿಟ್ಟೆ. ಅಧ್ಯಕ್ಷರ ಖಾಲಿ ಕುರ್ಚಿಯಲ್ಲಿ ಅತ್ತೆಯನ್ನು ಕೂರಿಸಿದೆ. ಆಮೇಲೆ ನಾನೂ ಬಂದು, ಸದಸ್ಯತ್ವ ಇಲ್ಲದ ನನ್ನ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತೆ. ಏಳಿ ಎಂದು ಹೇಳುವ ಧೈರ್ಯ ಆ ಹೊಗೆಯಲ್ಲಿ ಯಾರಿಗೂ ಬರಲಿಲ್ಲ.

“ಮೊದಲಿಂದ ಹಾಡು,” ಎಂದರು ಅತ್ತೆ, ಮಂಡಿ ನೀವಿಕೊಳ್ಳುತ್ತ. “ನನ್ನ ಮುಖ ನೋಡಿ ಮತ್ತೆ ತಪ್ಪು ಹಾಡಬೇಡ.”

ನಾನು ಅವರ ಮುಖವನ್ನೇ ನೋಡಿದೆ. ಗಂಟಲು ಸರಿಪಡಿಸಿಕೊಂಡು ಮೊದಲಿನಿಂದ ಎತ್ತಿದೆ. ಈ ಸಲ ತಾಯಿಯನ್ನು ಬಿಡಲಿಲ್ಲ.