ಕಾಕಾ ಮಾಡಿದ ಕಾಗದದ ಕುರಿ

ನಮ್ಮ ಕಾಕಾ ಕೈ ಹಾಕಿದರೆ ಸಾಕು, ಎಂಥ ಪ್ರಾಣಿಯಾದರೂ ತನ್ನ ಕುಲಗೋತ್ರ ಮರೆತುಬಿಡುತ್ತದೆ! ಆನೆ ಮಾಡಲು ಕುಳಿತರೆ ಅದು ಹಂದಿಯಾಗುತ್ತದೆ. ಹೋಗಲಿ ಹಂದಿಯೇ ಇರಲಿ ಎಂದು ಬಾಲ ಅಂಟಿಸುವಷ್ಟರಲ್ಲಿ ಚಹಾದ ಕಿಟ್ಲಿಯಾಗಿರುತ್ತದೆ. ನಾನು ಹೊಟ್ಟೆಕಿಚ್ಚಿನಿಂದ ಹೇಳುತ್ತಿದ್ದೇನೆ ಅಂದುಕೊಳ್ಳಬೇಡಿ. ಬನಹಟ್ಟಿಯಲ್ಲಿ ಅವನ ಓಣಿಗೆ ಹೋಗಿ ಯಾರನ್ನು ಬೇಕಾದರೂ ಕೇಳಿ. ಮಗ್ಗ ನಿಲ್ಲಿಸಿ ಹೊರಗೆ ಬಂದು ಹೇಳುತ್ತಾರೆ.

ಕಾಕಾ ಎಂದರೆ ನಮ್ಮ ಅಪ್ಪನ ತಮ್ಮ. ಸರಕಾರಿ ಕಚೇರಿಯಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದವನು. ನಿವೃತ್ತರಾದವರು ಸಾಮಾನ್ಯವಾಗಿ ಏನು ಮಾಡುತ್ತಾರೆ? ಬೆಳಿಗ್ಗೆ ವಾಕಿಂಗ್ ಹೋಗುತ್ತಾರೆ, ಬಿಪಿ ತೋರಿಸಿಕೊಳ್ಳುತ್ತಾರೆ, ಕೇಳದಿದ್ದರೂ ಮಂದಿಯ ಮಕ್ಕಳಿಗೆ ವರ ಹುಡುಕುತ್ತಾರೆ. ಕಾಕಾನ ಗ್ರಹಚಾರಕ್ಕೆ ಮಗ ಒಂದು ಮೊಬೈಲ್ ಕೊಡಿಸಿದ. ಅದರಲ್ಲಿ ಯಾರೋ ಒಬ್ಬಳು ಪೇಪರ್ ಪ್ಲೇಟಿಗೆ ಹತ್ತಿ ಅಂಟಿಸಿ, ಎರಡು ಕಣ್ಣು ಬರೆದು, ಕಣ್ಣು ಮಿಟುಕಿಸುವಷ್ಟರಲ್ಲಿ ಕುರಿ ಮಾಡಿ ತೋರಿಸಿದಳು. ಸಣ್ಣ ಮಕ್ಕಳನ್ನು ಕೂಡಿಸಿಕೊಂಡು ರಜೆಯಲ್ಲಿ ಮಾಡಬಹುದಾದ ಸುಲಭದ ಪ್ರಾಣಿಯಂತೆ! ಅಂದಿನಿಂದ ಪ್ರತಿ ಯುಗಾದಿಗೆ ಓಣಿಯ ಚಿಳ್ಳೆಪಿಳ್ಳೆಗಳೆಲ್ಲ ಕಾಕಾನ ಕಟ್ಟೆಯ ಮೇಲೆ. ನನ್ನ ಮಗಳೂ ಅವರಲ್ಲೊಬ್ಬಳು. ಹಬ್ಬ ಹತ್ತಿರ ಬಂದರೆ ಬನಹಟ್ಟಿಯ ಬಸ್ಸು ಹತ್ತುವವರೆಗೆ ಅವಳು ನನ್ನನ್ನು ಬಿಡುವುದಿಲ್ಲ. ಹತ್ತಿದ ಮೇಲೆ, ಇನ್ನೂ ಯಾಕೆ ಊರು ಬರಲಿಲ್ಲ ಎಂದು ಕಂಡಕ್ಟರನನ್ನು ಬಿಡುವುದಿಲ್ಲ.

ಮೊದಲ ವರ್ಷದ ಕುರಿಗಳಿಗೆ ಹತ್ತಿ ಎಲ್ಲಿಂದ ಬಂತು ಎಂದು ಯಾರೂ ಕೇಳಲಿಲ್ಲ. ಮಧ್ಯಾಹ್ನ ಹೋಳಿಗೆ ಉಂಡು ಚಿಗವ್ವ, ಅಂದರೆ ಕಾಕಾನ ಹೆಂಡತಿ, ಗಾದಿಯ ಮೇಲೆ ಅಡ್ಡಾದಳು. ಸೊಂಟಕ್ಕೆ ಮಂಚದ ಹಲಗೆಯೇ ಸಿಕ್ಕಿತು!

"ಗಾದ್ಯಾಗಿನ ಹತ್ತಿ ಎಲ್ಲಿ ಹೋತ್ರಿ?"

"ಕುರಿ ಆಗೇತಿ."

"ಹಂಗಾರ ನಾ ಎಲ್ಲಿ ಮಲಗ್ಲಿ?"

ಕಾಕಾ ಒಂದು ಕುರಿಯನ್ನು ಮುಟ್ಟಿ ನೋಡಿ, "ಕುರಿ ಮ್ಯಾಲೆ ಮಲಗಾಕ ಬರೂದಿಲ್ಲ, ಅದಿನ್ನೂ ಒಣಗಿಲ್ಲ" ಎಂದ.

ಚಿಗವ್ವ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ನಮ್ಮ ಹುಡುಗೂರು ಸಣ್ಣವರಿದ್ದಾಗ ಒಂದು ಇಲಿಯಾದ್ರೂ ಮಾಡಿ ಕೊಟ್ಟೀರೇನ್ರಿ?"

"ಆವಾಗ ನನಗ ಬರ್ತಿದ್ದಿಲ್ಲ."

"ಈಗರ ಎಲ್ಲಿ ಬರ್ತೈತಿ?"

ಈ ಮಾತು ಕಾಕಾನಲ್ಲಿ ಛಲ ಹುಟ್ಟಿಸಿತು. ಮರುವರ್ಷ ಹತ್ತಿಯ ಸುದ್ದಿಗೇ ಹೋಗಲಿಲ್ಲ. ಯುಗಾದಿಯ ಹೊತ್ತಿಗೆ ಮನೆಯ ಮುಂದಿನ ಬೇವಿನ ಮರ ಬೆಳ್ಳಗೆ ಹೂ ಬಿಟ್ಟಿರುತ್ತದಲ್ಲ? ಅದನ್ನೇ ಉದುರಿಸಿ, ಮೈದಾಹಿಟ್ಟಿನ ಅಂಟು ಕಾಸಿ, ಪ್ಲೇಟುಗಳಿಗೆ ಮೆತ್ತಿಸಿದ. ನಿಜ ಹೇಳಬೇಕೆಂದರೆ ಚೆನ್ನಾಗಿಯೇ ಇತ್ತು, ಕುರಿ ಎಂದು ಯಾರಾದರೂ ಮೊದಲೇ ಹೇಳಿಬಿಟ್ಟರೆ! ಎದುರು ಮನೆಯ ಬೀರಪ್ಪ ತಲೆಮಾರುಗಳಿಂದ ಕುರಿ ಕಾಯ್ದ ಮನೆತನದವನು. ಬಗ್ಗಿ ನೋಡಿ, ತಲೆ ಕೆರೆದುಕೊಂಡು, "ಇದು ಯಾವ ಸೀಮಿ ಕುರಿರೀ ಕಾಕಾರ?" ಎಂದು ಕೇಳಿದ. ಕಾಕಾ ಕುರಿಗಳನ್ನು ಕಟ್ಟೆಯ ಮೇಲೆ ಒಣಗಲು ಸಾಲಾಗಿ ಇಟ್ಟು ಚಹಾ ಕುಡಿಯಲು ಒಳಗೆ ಹೋದ. ಬರುವಷ್ಟರಲ್ಲಿ ಬೀರಪ್ಪನ ಆಡು ಕಟ್ಟೆ ಏರಿ, ಬೇವಿನ ಹೂ, ಮೈದಾದ ಅಂಟು, ಪ್ಲೇಟು, ಎಲ್ಲವನ್ನೂ ಮುಗಿಸಿ, ಉಳಿದ ಒಂದು ಬಾಲವನ್ನು ಮೆಲ್ಲುತ್ತಿತ್ತು.

"ಏ ಬೀರಪ್ಪಾ! ನಿನ್ನ ಆಡು ನನ್ನ ಕುರಿ ತಿಂತೋ!"

ಬೀರಪ್ಪ ಓಡಿ ಬಂದು ಆಡಿನ ಕಿವಿ ಹಿಡಿದ. "ಅದರ ತಪ್ಪಿಲ್ರಿ ಕಾಕಾರ. ಅದು ಕುರಿ ಅಂತ ಗುರ್ತ ಹಿಡಿದಿದ್ರ ಖರೇನ ತಿಂತಿದ್ದಿಲ್ಲ!"

ಮಕ್ಕಳು ಅಳುತ್ತಾರೆಂದು ನಾನು ಹೆದರಿದ್ದೆ. ಎಲ್ಲಿಯ ಅಳು? ಮರುದಿನ ಆಡಿಗೆ ಇನ್ನೊಂದು ಕುರಿ ಮಾಡಿಕೊಡೋಣ ಎಂದು ಗಂಟುಬಿದ್ದರು.

ಹೀಗೆ ಕಾಗದದ ಮೇಲೆ ವಿಶ್ವಾಸ ಹೋದ ಕಾಕಾ ಗಟ್ಟಿ ಪ್ರಾಣಿಯ ಕಡೆಗೆ ಹೊರಳಿದ. ಗಟ್ಟಿ ಪ್ರಾಣಿ ಯಾವುದು? ಆಮೆ! ಟೆಂಗಿನ ಚಿಪ್ಪು ಬೋರಲು ಹಾಕಿ, ನಾಲ್ಕು ಕಾಲು, ಒಂದು ತಲೆ ಅಂಟಿಸಿದರೆ ಆಯಿತು. ಆದರೆ ಅಷ್ಟು ಚಿಪ್ಪು ಎಲ್ಲಿಂದ ತರುವುದು? ಜನ್ಮದಲ್ಲಿ ಗುಡಿಯ ಕಡೆ ತಲೆ ಹಾಕದ ಕಾಕಾ ದಿನಾಲೂ ಹಣಮಪ್ಪನ ಗುಡಿಗೆ ಕಾಯಿ ಒಡೆಸಲು ಹೊರಟ. ಚಿಗವ್ವನ ಸಂತೋಷ ಹೇಳತೀರದು. ಜಮಖಂಡಿಯ ನಮ್ಮ ಮನೆಗೆ ಫೋನು ಮಾಡಿ, "ನಿಮ್ಮ ಕಾಕಾಗ ಬುದ್ಧಿ ಬಂತು ನೋಡು, ದೇವರು ಕಣ್ಣ ತೆರೆದ" ಎಂದು ನನಗೆ ಹೇಳಿದಳು. ಪೂಜಾರಿಯೂ ಖುಷಿಯಾಗಿ ಒಡೆದ ಹೋಳಿನಲ್ಲಿ ಒಂದು ಹೂವು ಹೆಚ್ಚಿಗೆ ಇಟ್ಟು ಕೊಡುತ್ತಿದ್ದ. ಒಂದು ದಿನ ಕಾಕಾ ಗರ್ಭಗುಡಿಯ ಹೊಸ್ತಿಲಲ್ಲಿ ನಿಂತು ಮೆಲ್ಲಗೆ, "ಪೂಜಾರ್ರ, ಮಂದಿ ಬಿಟ್ಟು ಹೋದ ಚಿಪ್ಪ ಇದ್ರ ಕೊಡ್ರಿ, ಕಾಲು ಅಂಟಸೂದೈತಿ" ಎಂದುಬಿಟ್ಟ. ಸುದ್ದಿ ಕಾಕಾನಿಗಿಂತ ಮೊದಲು ಮನೆ ಮುಟ್ಟಿತು. ಆ ವಾರವೆಲ್ಲ ಆ ಮನೆಯಲ್ಲಿ ರೊಟ್ಟಿಗೂ ಟೆಂಗಿನ ಚಟ್ನಿ, ಅನ್ನಕ್ಕೂ ಟೆಂಗಿನ ಚಟ್ನಿ.

ಹೋದ ಚಳಿಗಾಲದಲ್ಲಿ ಕಾಕಾನ ಬಲಗೈ ನಡುಗಲು ಶುರುವಾಯಿತು. ಮೊದಮೊದಲು ಚಹಾದ ಕಪ್ಪು ಬಸಿಯ ಮೇಲೆ ಕಟಕಟ ಎನ್ನುತ್ತಿತ್ತು. ಹಗಲೆಲ್ಲ ಮಗ್ಗ ಬಡಿಯುವ ಓಣಿಯಲ್ಲಿ ಅದು ಯಾರ ಕಿವಿಗೂ ಬೀಳಲಿಲ್ಲ, ಚಿಗವ್ವನ ಕಿವಿಗೆ ಬಿತ್ತು. ಅವಳೇ ಬಲವಂತ ಮಾಡಿ ಬೆಳಗಾವಿಗೆ ಕರೆದುಕೊಂಡು ಹೋದಳು. ಗುಳಿಗೆಯಿಂದ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ ಎಂದರಂತೆ ಡಾಕ್ಟರು. ಅಂದಿನಿಂದ ಕಾಕಾ ಬಲಗೈಯನ್ನು ಜುಬ್ಬಾದ ಕಿಸೆಯಲ್ಲಿ ಇಟ್ಟುಕೊಂಡೇ ಓಡಾಡತೊಡಗಿದ. ನಮಸ್ಕಾರ ಮಾಡಿದವರಿಗೆ ತಲೆಯಾಡಿಸಿ ಸುಮ್ಮನಾಗುತ್ತಿದ್ದ. ಸೊಕ್ಕು ಬಂತು ಎಂದರು ಮಂದಿ.

ಈ ಯುಗಾದಿಗೆ ನಾವು ಹೋದಾಗ ಕಟ್ಟೆಯ ಮೇಲೆ ಕತ್ತರಿ ಇರಲಿಲ್ಲ, ಅಂಟು ಇರಲಿಲ್ಲ. ಆದರೆ ಸಂಜೆಯಾಗುತ್ತಲೇ ಮಕ್ಕಳು ಬಂದರು. ಮೊಲ ಮಾಡಬೇಕೆಂದು ನನ್ನ ಮಗಳು ಹಳೆಯ ಲಗ್ನಪತ್ರಿಕೆಗಳ ಗುಲಾಬಿ ರಟ್ಟನ್ನೂ ಕತ್ತರಿಯನ್ನೂ ಊರಿಂದಲೇ ತಂದಿದ್ದಳು.

"ಈ ವರ್ಷ ಪ್ರಾಣಿಗೋಳಿಗೂ ಸೂಟಿ ಐತಿ. ಹೋಗ್ರಿ, ಆಟ ಆಡ್ರಿ" ಎಂದು ರಜೆ ಸಾರಿದ ಕಾಕಾ.

ಒಬ್ಬರೂ ಏಳಲಿಲ್ಲ. ಬೀರಪ್ಪನ ಮೊಮ್ಮಗಳು, "ಸೂಟಿ ಇದ್ರ ಅವು ಮನ್ಯಾಗ ಇರ್ತಾವಲ್ಲ ಅಜ್ಜಾ? ಕರಿ ಅವನ್ನ" ಎಂದಳು.

ಕಾಕಾ ಕಿಸೆಯಿಂದ ಕೈ ತೆಗೆದ, ಕತ್ತರಿ ಹಿಡಿದ. ಕತ್ತರಿಯ ಬಾಯಿ ರಟ್ಟಿನ ಮೇಲೆ ಕುಣಿಯಿತು. ಕಿವಿಯ ಗೀಟು ಒಂದು ಕಡೆ, ಕತ್ತರಿ ಇನ್ನೊಂದು ಕಡೆ. ಎರಡನೇ ರಟ್ಟೂ ಹಾಗೇ ಹರಿಯಿತು. ದೊಡ್ಡವರಾದ ನಾವೆಲ್ಲ ಬೇವಿನ ಮರದ ಕಡೆ ನೋಡತೊಡಗಿದೆವು. ನನ್ನ ಮಗಳು ಮಾತ್ರ ನೇರವಾಗಿ ಆ ಕೈಯನ್ನೇ ನೋಡುತ್ತ ಕೇಳಿದಳು: "ಅಜ್ಜಾ, ನಿನ್ನ ಕೈ ಯಾಕ ನಡಗಾಕತ್ತೈತಿ?"

ಗದರಿಸಲು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಕಾಕಾನೇ ಹೇಳಿದ: "ಮೊಲ ಭಾಳ ಅಂಜಬುರುಕ ಇರ್ತೈತವ್ವಾ. ಹಿಡಕೊಂಡೇನಲ್ಲ, ಅದು ನಡುಗೂದು ನನ್ನ ಕೈಗೂ ಬಂದೈತಿ."

ಮಕ್ಕಳು ನಕ್ಕರು. ಕಾಕಾನೂ ನಕ್ಕು ಕತ್ತರಿ ಕೆಳಗಿಟ್ಟ. ಇಟ್ಟ ರೀತಿ ನೋಡಿದರೆ ಇನ್ನು ಎತ್ತುವ ಹಾಗೆ ಕಾಣಲಿಲ್ಲ.

ಒಳಗಿನಿಂದ ಚಿಗವ್ವ ಬಂದಳು. ಇಷ್ಟು ವರ್ಷಗಳಲ್ಲಿ ಅವಳು ಈ ಕೆಲಸಕ್ಕೆಂದು ಕಟ್ಟೆಗೆ ಬಂದವಳಲ್ಲ, ಬಂದರೂ ಬೈಯಲಿಕ್ಕೆ ಬಂದವಳು. ಸೆರಗಿಗೆ ಕೈ ಒರೆಸಿಕೊಂಡು ಕಾಕಾನ ಪಕ್ಕಕ್ಕೆ ಕುಳಿತಳು. ಕತ್ತರಿಯನ್ನು ಎತ್ತಿ ಅವನ ಬೆರಳಿಗೆ ಕೊಟ್ಟು, ಆ ಕೈಯ ಮೇಲೆ ತನ್ನ ಕೈಯಿಟ್ಟು ಬಿಗಿಯಾಗಿ ಹಿಡಿದಳು.

"ಹಂ, ಕತ್ತರಸ್ರಿ."

"ಏ, ಓಣಿ ಮಂದಿ ನೋಡ್ತಾರ."

"ನೋಡ್ಲಿ."

ಕತ್ತರಿ ನಿಧಾನಕ್ಕೆ ಗೀಟಿನಗುಂಟ ಹೋಯಿತು. ಗುಲಾಬಿ ಕಿವಿಯೊಂದು ಬಿಡಿಸಿಕೊಂಡು ಕಟ್ಟೆಯ ಮೇಲೆ ಬಿತ್ತು. ಕಾಕಾ ತಲೆ ತಗ್ಗಿಸಿ, ಮೆಲ್ಲಗೆ ಕೈ ಎಳೆದುಕೊಳ್ಳಲು ನೋಡಿದ. ಚಿಗವ್ವ ಬಿಡಲಿಲ್ಲ.

"ಮೊಲಕ್ಕ ಎರಡು ಕಿವಿ ಇರ್ತಾವ್ರಿ" ಎಂದಳು.