ಕಿರೀಟ ತೊಟ್ಟ ಕೇಕು

ಬಹಳ ಹಿಂದೆ, ತಕ್ಕಡಿಗೆ ಇನ್ನೂ ಮರ್ಯಾದೆಯಿದ್ದ ಕಾಲದಲ್ಲಿ, ಉಬ್ಬರಪುರವೆಂಬ ರಾಜ್ಯವಿತ್ತು. ಅದನ್ನು ಆಳುತ್ತಿದ್ದವರು ಶ್ರೀಮನ್ಮಹಾರಾಜಾಧಿರಾಜ ಗೋಧೂಮವರ್ಮರು. ಅವರ ಆಹಾರಮಂತ್ರಿ ದುಂಡೀರಾಯನಿಗೆ ಆ ವರ್ಷ ಒಂದೇ ಚಿಂತೆ: ತಲೆಯ ಮೇಲಿನ ಪೇಟ ಉಳಿಸಿಕೊಳ್ಳುವುದು ಹೇಗೆ? ತಮ್ಮ ಹುಟ್ಟುಹಬ್ಬಕ್ಕೆ ಪಡಿತರದ ಮೈದಾ ಹೆಚ್ಚುವುದೆಂದು ಮಹಾರಾಜರು ಘೋಷಿಸಿಬಿಟ್ಟಿದ್ದರು. ಉಗ್ರಾಣದ ಹಿಟ್ಟಿಗೆ ಆ ಸುದ್ದಿ ತಲುಪಿರಲಿಲ್ಲ, ಅದು ಇದ್ದಷ್ಟೇ ಇತ್ತು. ಮಾತು ತಪ್ಪಿದರೆ ಪೇಟ ರಾಜರ ಭಾವಮೈದುನನ ತಲೆಗೆ ಹೋಗುವುದೆಂದು ಅರಮನೆಯ ತುಂಬ ಗುಸುಗುಸು. ಆ ಭಾವಮೈದುನನಂತೂ ಆಗಲೇ ತಲೆಯ ಅಳತೆ ಕೊಟ್ಟಾಗಿತ್ತು.

ಒಂದು ಬೆಳಿಗ್ಗೆ ಅರಮನೆಯ ಅಡುಗೆಮನೆಯಲ್ಲಿ ಹಿಟ್ಟು ಜರಡಿ ಹಿಡಿಯುವುದು ರಾಯನ ಕಣ್ಣಿಗೆ ಬಿತ್ತು. ಒಂದು ಪಾವು ಹಿಟ್ಟು ಜರಡಿಯಿಂದ ಇಳಿದು ಹಗುರಾಗಿ ಅರಳಿ, ಅದೇ ಪಾವಿನಲ್ಲಿ ಹಿಡಿಸದೆ ಹೊರಗೆ ಚೆಲ್ಲುತ್ತಿತ್ತು. ತೂಕ ಅಷ್ಟೇ, ಅಳತೆ ಮಾತ್ರ ಜಾಸ್ತಿ! ಅಲ್ಲೇ ಕುಣಿಯುವಷ್ಟು ಖುಷಿಯಾಯಿತು ರಾಯನಿಗೆ.

ಮರುದಿನವೇ ಡಂಗುರ ಹೊಡೆಸಿದ: "ಇನ್ನು ಮುಂದೆ ತಕ್ಕಡಿ ನಿಷಿದ್ಧ! ಹಿಟ್ಟನ್ನು ಪಾವಿನಲ್ಲೇ ಅಳೆಯತಕ್ಕದ್ದು! ಪಡಿತರ ಕೊಡುವಾಗ ಜರಡಿ ಹಿಡಿದು, ಕಂದಾಯ ಪಡೆಯುವಾಗ ಹೆಬ್ಬೆರಳಿನಿಂದ ಒತ್ತಿ ಒತ್ತಿ!" ಇದಕ್ಕೆ 'ಡೈನಾಮಿಕ್ ಪಾವು ಯೋಜನೆ' ಎಂದು ನಾಮಕರಣವಾಯಿತು.

ಪಡಿತರದ ಸಾಲಿನಲ್ಲಿ ನಿಂತಿದ್ದ ಸಣ್ಣೀರಮ್ಮ ಎಂಬ ಗೃಹಿಣಿ ರಾಯನನ್ನು ಕೇಳಿದಳು: "ಬುದ್ಧೀ, ನಾಕ್ ಪಾವು ಐದು ಮಾಡಿದ್ರಿ. ಮತ್ತೆ ಬನ್ನು ಒಂದೂ ಜಾಸ್ತಿ ಆಗ್ಲಿಲ್ವಲ್ಲ?"

"ಪಾವು ತುಂಬಿತ್ತೋ ಇಲ್ಲವೋ?"

"ತುಂಬಿತ್ತು ಬುದ್ಧಿ."

"ಹಾಗಾದರೆ ಕೊರತೆ ಹಿಟ್ಟಿನದಲ್ಲ, ನಿನ್ನ ಮಕ್ಕಳ ಹೊಟ್ಟೆಯದು," ಎಂದ ರಾಯ.

ಹುಟ್ಟುಹಬ್ಬ ಬಂತು. ಅರಮನೆಯ ಬೇಕರಿಯ ಫಕೀರಯ್ಯ ಕೈಕಟ್ಟಿ ನಿಂತ. "ಸ್ವಾಮಿ, ನಾನು ಕೇಕಿಗೆ ಹಿಟ್ಟು ಹಾಕ್ತಿದ್ದಿದ್ದು ತೂಕದಲ್ಲಿ. ಈಗ ತಕ್ಕಡಿ ಇಲ್ಲ. ಎಷ್ಟು ಪಾವು ಹಾಕ್ಲಿ?"

"ಎಂಟು."

"ಜರಡಿ ಹಿಡಿದದ್ದೋ, ಒತ್ತಿದ್ದೋ?"

ರಾಯ ಗಂಭೀರವಾಗಿ ಯೋಚಿಸಿದ. "ಮಹಾರಾಜರಿಗೆ ಸಲ್ಲುವುದು ಏನೇ ಆಗಲಿ, ಒತ್ತಿಯೇ ಸಲ್ಲಬೇಕಯ್ಯಾ!"

ತುಂಬಿದ ಸಭೆಯಲ್ಲಿ ಕೇಕು ಬಂತು. ಕತ್ತರಿಸಲು ಹೋದ ಚಾಕು ಬಾಗಿತು. "ಆಹಾ! ಪ್ರಭುಗಳ ಸಂಕಲ್ಪದಷ್ಟೇ ದೃಢ!" ಎಂದರು ಆಸ್ಥಾನಿಕರು. ಮಹಾರಾಜರು ಕಚ್ಚಿದರು. ಹಲ್ಲೊಂದು ಅಲ್ಲಾಡಿತು. ಅವರ ಕಣ್ಣು ನೇರ ರಾಯನ ಪೇಟದ ಮೇಲೆ ಬಿತ್ತು. ಭಾವಮೈದುನ ಎರಡೂ ಕೈ ಚಾಚಿಕೊಂಡು ಮುಂದೆ ಬಂದ.

"ಪ್ರಭೂ! ಇದು ತಿನ್ನುವ ಕೇಕಲ್ಲ!" ಎಂದು ರಾಯ ಕೂಗಿಬಿಟ್ಟ. "ಪ್ರಜೆಗಳು ತಕ್ಕಡಿ ಬೇಕೆಂದು ಗೋಗರೆಯುತ್ತಿದ್ದಾರೆ. ತಮ್ಮ ಹುಟ್ಟುಹಬ್ಬದ ಕಾಣಿಕೆಯಾಗಿ ತಕ್ಕಡಿ ಮರಳುತ್ತಿದೆ. ಅದಕ್ಕೆ ತೂಕದ ಕಲ್ಲು ಇದೇ!"

"ನಾವೂ ಅದನ್ನೇ ಯೋಚಿಸಿದ್ದೆವು," ಎಂದರು ಮಹಾರಾಜರು, ಕೆನ್ನೆ ಒತ್ತಿಕೊಂಡು. ಕೇಕಿಗೆ ಚಿನ್ನದ ಪುಟ್ಟ ಕಿರೀಟ ತೊಡಿಸಿದರು. ರಾಯ ಮಹಾಮಂತ್ರಿಯಾದ.

ತಕ್ಕಡಿ ಮರಳಿತೆಂದು ಊರೆಲ್ಲ ಪಟಾಕಿ ಹೊಡೆಯಿತು. ಪಾಪ, ಒಂದು ಸಣ್ಣ ಸಂಗತಿ ಜನರಿಗೆ ಗೊತ್ತಿರಲಿಲ್ಲ. ಪಡಿತರ ಕೊಡುವ ದಿನ ಕೇಕನ್ನು ಒಲೆಯಲ್ಲಿಟ್ಟು ಗರಿಗರಿಯಾಗಿ ಒಣಗಿಸಬೇಕು, ಕಂದಾಯದ ದಿನ ಹಂಡೆಯಲ್ಲಿ ನೆನೆಹಾಕಬೇಕು ಎಂದು ರಾಯ ಉಗ್ರಾಣಕ್ಕೆ ಗುಟ್ಟಾಗಿ ಅಪ್ಪಣೆ ಮಾಡಿದ್ದ.

ಕಂದಾಯದ ದಿನ ಸಣ್ಣೀರಮ್ಮ ಹಿಟ್ಟಿನ ಚೀಲ ಹೊತ್ತು ಬಂದಳು. ಒಂದು ತಟ್ಟೆಯಲ್ಲಿ ಕಿರೀಟ ತೊಟ್ಟ ಕೇಕು ಊದಿಕೊಂಡು ಕೂತಿತ್ತು. ಇನ್ನೊಂದು ತಟ್ಟೆಗೆ ಅವಳು ಹಿಟ್ಟು ಸುರಿದಳು. ಅದು ಮೇಲೆಯೇ ನಿಂತಿತು.

"ಬುದ್ಧೀ, ಕೇಕಿಂದ ನೀರು ತೊಟ್ಟಿಕ್ತಾ ಐತಲ್ಲ?"

"ಅದು ನೀರಲ್ಲಮ್ಮಾ," ಎಂದ ಮಹಾಮಂತ್ರಿ, ಪೇಟ ಸರಿಮಾಡಿಕೊಂಡು. "ಪ್ರಜೆಗಳನ್ನು ಕಂಡು ಬಂದ ಆನಂದಬಾಷ್ಪ. ಹೂಂ, ಸುರಿ."

ಸಣ್ಣೀರಮ್ಮ ಚೀಲ ಕೊಡವಿ, ತಳದಲ್ಲಿದ್ದದ್ದನ್ನೂ ಸುರಿದಳು. ತಟ್ಟೆ ಇನ್ನೂ ಸಮಕ್ಕೆ ಬಂದಿರಲಿಲ್ಲ.