ಭಾವ ಬೇಡವೆಂದ ರಕ್ತ

ನಮ್ಮ ಭಾವನಿಗೆ ಸಿಟ್ಟು ಬರುವುದೇ ಇಲ್ಲ. ಬರಬೇಕಾದರೆ ಅದು ಒಮ್ಮೆಯಾದರೂ ಹೋಗಿರಬೇಕಲ್ಲ! ಅಕ್ಕನನ್ನು ನೋಡಲು ನಮ್ಮ ಮನೆಯ ಮೆಟ್ಟಿಲು ಹತ್ತಿದ ದಿನ ಮೂಗಿನ ತುದಿಯಲ್ಲಿ ಕೂತಿದ್ದ ಸಿಟ್ಟು ಇವತ್ತಿಗೂ ಅಲ್ಲಿಂದ ಎದ್ದಿಲ್ಲ. ಅಷ್ಟರಲ್ಲಿ ಎಷ್ಟೋ ಕನ್ನಡಕಗಳು ಅದೇ ಮೂಗಿನ ಮೇಲೆ ಕೂತು, ಹಳತಾಗಿ, ಹೋಗಿವೆ.

ನಾನೇನೂ ಶಾಂತಮೂರ್ತಿಯಲ್ಲ. ಈಗ ಇದನ್ನು ಬರೆಯುತ್ತಿರುವುದೂ ಸಿಟ್ಟಿನಿಂದಲೇ. ಆದರೆ ನನ್ನ ಸಿಟ್ಟಿಗೆ ಒಂದು ಕಾರಣವಿದೆ, ಅದನ್ನು ಮುಂದೆ ಹೇಳುತ್ತೇನೆ.

ಭಾವ ಮೂಡಬಿದಿರೆಯ ಒಂದು ಆಸ್ಪತ್ರೆಯಲ್ಲಿ ರಕ್ತನಿಧಿಯ ಡಾಕ್ಟರು. ನನ್ನದು ಬಂಟ್ವಾಳದಲ್ಲಿ ಒಂದು ಸಣ್ಣ ಹೋಟೆಲು. ಡಾಕ್ಟರು ಹೋಟೆಲಿಗೆ ಬಂದರೆ ಏನು ಮಾಡಬೇಕು? ತಿಂದು ಹೋಗಬೇಕು. ಇವರು ಕೂತ ಕೂಡಲೇ ಸಪ್ಲಾಯರನ್ನು ಕರೆದು, "ಈ ಚಟ್ನಿ ಯಾವತ್ತಿನದ್ದು?" ಎಂದು ಕೇಳುತ್ತಾರೆ. ಆಮೇಲೆ ಸಾಂಬಾರು ಯಾವತ್ತಿನದ್ದು, ಹಿಟ್ಟು ಯಾವತ್ತಿನದ್ದು. ಧ್ವನಿಯೋ, ಫರಂಗಿಪೇಟೆಗೆ ಕೇಳಬೇಕು! ಪಕ್ಕದ ಮೇಜಿನವರು ಬಾಯಿಯ ಹತ್ತಿರ ತಂದ ತುತ್ತನ್ನು ಹಾಗೇ ಕೆಳಗಿಡುತ್ತಾರೆ.

"ಭಾವ, ಹಿಟ್ಟು ಸ್ವಲ್ಪ ಹುಳಿ ಬಂದರೇ ಅಲ್ವಾ ದೋಸೆ," ಎಂದು ಒಮ್ಮೆ ಹಲ್ಲು ಕಚ್ಚಿಕೊಂಡು ಹೇಳಿದೆ.

"ನಿನ್ನ ಹಿಟ್ಟಿಗೆ ಬಂದದ್ದು ಹುಳಿ ಅಲ್ಲ ಮಾರಾಯ, ಪ್ರಾಯ," ಎಂದರು. ಅವತ್ತು ಆ ಹಿಟ್ಟಿನ ದೋಸೆ ಯಾರೂ ತಿನ್ನಲಿಲ್ಲ.

ರಕ್ತದಾನ ಶಿಬಿರಗಳಲ್ಲಿ ಅವರನ್ನು ನೋಡಬೇಕು. ಬೆಳ್ತಂಗಡಿಯ ಶಿಬಿರವೊಂದಕ್ಕೆ ಒಬ್ಬ ಮುಖಂಡರು ಬಂದರು. ಮಂಚದ ಮೇಲೆ ಮಲಗಿದರು, ತೋಳು ಚಾಚಿದರು, ಮುಗುಳ್ನಕ್ಕರು, ಫೋಟೋ ಆಯಿತು, ಏಳಲು ಹೊರಟರು. ಭಾವ ಅವರ ಭುಜ ಒತ್ತಿ ಹಿಡಿದು, "ನಿಮ್ಮದು ಆಯ್ತಲ್ಲ, ಇನ್ನು ನಮ್ಮದು ಆಗ್ಲಿ," ಎಂದರು. ಮುಖಂಡರು ರಕ್ತ ಕೊಟ್ಟೇ ಎದ್ದರು. ಆ ಶಿಬಿರದಿಂದ ವಾಪಸು ಬರುವಾಗ ರಕ್ತದ ಪೆಟ್ಟಿಗೆ ಕಾರಿನ ಮುಂದಿನ ಸೀಟಿನಲ್ಲಿ, ಬೆಲ್ಟು ಕಟ್ಟಿಕೊಂಡು ಕೂತಿತ್ತು. ಮುಂಡಾಜೆಯ ಮದುವೆ ಮುಗಿಸಿ ದಾರಿಯಲ್ಲಿ ಕಾರು ಹತ್ತಿದ ಅಕ್ಕ ಹಿಂದಿನ ಸೀಟಿನಲ್ಲಿ, ಎರಡು ಹಲಸಿನ ಹಣ್ಣುಗಳ ನಡುವೆ.

"ಅಲುಗಾಡಿದ್ರೆ ಕಣ ಒಡೀತದೆ," ಎಂದು ಭಾವ ಕಾರಣ ಕೊಟ್ಟರಂತೆ.

"ನಾನು ಒಡೆಯುದಿಲ್ವಾ?"

"ನೀನು ಅಷ್ಟು ಸುಲಭದಲ್ಲಿ ಒಡೆಯುವವಳಲ್ಲ."

ಇದನ್ನು ಅಕ್ಕ ನಮ್ಮೆಲ್ಲರ ಎದುರು ಹೇಳಿ ನಕ್ಕಳು. ನನಗೆ ನಗು ಬರಲಿಲ್ಲ. ಇಂಥವರಿಗೆ ಹೆಣ್ಣು ಕೊಟ್ಟೆವಲ್ಲ ಎಂದು ಮೈ ಉರಿಯಿತು.

ಇನ್ನು ನನ್ನ ಸಿಟ್ಟಿನ ಕಾರಣಕ್ಕೆ ಬರುತ್ತೇನೆ. ನನ್ನ ತಂಗಿಗೆ ಹೆಣ್ಣು ಮಗು ಹುಟ್ಟಿತು, ಭಾವನ ಆಸ್ಪತ್ರೆಯಲ್ಲೇ. ತಂಗಿಯದು ನೆಗೆಟಿವ್ ಗುಂಪು, ಮಗುವಿನದು ಪಾಸಿಟಿವ್. ತಾಯಿಯ ಮೈಯಿಂದ ಬಂದ ಪ್ರತಿಕಾಯಗಳೇ ಮಗುವಿನ ರಕ್ತವನ್ನು ಒಡೆಯುತ್ತಿದ್ದವು. ಹುಟ್ಟಿದ ಮರುದಿನವೇ ಮಗು ಅರಸಿನ ಮೆತ್ತಿದ ಹಾಗೆ ಹಳದಿಯಾಯಿತು. ಇದೇ ಏರುತ್ತಾ ಹೋದರೆ ಮೆದುಳಿಗೆ ಪೆಟ್ಟು, ಮೈಯ ರಕ್ತವನ್ನೇ ಬದಲಾಯಿಸಬೇಕು, ತಡ ಮಾಡುವ ಹಾಗಿಲ್ಲ ಎಂದರು ಮಕ್ಕಳ ಡಾಕ್ಟರು. ಬೇಕಾದದ್ದು ಓ ನೆಗೆಟಿವ್.

ನನ್ನದು ಓ ನೆಗೆಟಿವ್!

ನಮ್ಮಲ್ಲಿ ಮಗು ತಾಯಿಯ ಕುಟುಂಬಕ್ಕೆ ಸೇರಿದ್ದು. ಅಪ್ಪನಿಗಿಂತ ಒಂದು ಹಿಡಿ ಹೆಚ್ಚು ಹಕ್ಕು ಸೋದರಮಾವನಿಗೆ. ಅಂದಮೇಲೆ ಆ ಮಗುವಿಗೆ ರಕ್ತ ಕೊಡಬೇಕಾದವನು ನಾನಲ್ಲದೆ ಇನ್ಯಾರು? ಗಲ್ಲಾ ಬಿಟ್ಟು ಓಡಿದೆ. ತಂಗಿ ಮಲಗಿದಲ್ಲಿಂದಲೇ, "ಅಣ್ಣ ಬಂದ, ಇನ್ನು ಹೆದರಿಕೆ ಇಲ್ಲ," ಎಂದಳು. ನಾನು ಅಂಗಿಯ ತೋಳು ಮಡಚಿಕೊಂಡೇ ರಕ್ತನಿಧಿಯ ಬಾಗಿಲಲ್ಲಿ ನಿಂತೆ.

ಭಾವ ತಲೆಯೆತ್ತಿ ನೋಡಿದರು. "ನಿನ್ನದು ಬೇಡ," ಎಂದರು.

"ಬೇಡವಾ? ಒಂದೇ ಹೊಟ್ಟೆಯಲ್ಲಿ ಹುಟ್ಟಿದವನು ನಾನು. ನನಗಿಂತ ಹತ್ತಿರದವರು ಯಾರುಂಟು?"

"ಹತ್ತಿರದವನು ಅಂತಲೇ ಬೇಡ. ನಿನ್ನ ರಕ್ತದ ಬಿಳಿ ಕಣವನ್ನು ಮಗುವಿನ ಮೈ ನಮ್ಮವರೇ ಅಂತ ಒಳಗೆ ಬಿಡ್ತದೆ. ಅವು ಒಳಗೆ ಕೂತು ಮಗುವಿನ ಮೇಲೆಯೇ ತಿರುಗಿ ಬೀಳ್ತವೆ. ಪರಕೀಯನಾದ್ರೆ ಗುರುತು ಹಿಡಿದು ಹೊರಗೆ ಹಾಕ್ಲಿಕ್ಕಾದ್ರೂ ಆಗ್ತದೆ. ನೆಂಟರನ್ನು ಹೊರಗೆ ಹಾಕುದು ಹೇಗೆ? ಆ ಕಣ ಕೊಲ್ಲುವ ಮೆಷಿನು ಇಲ್ಲಿ ಇಲ್ಲ."

ಹೋಟೆಲಿನವನಾದ ನನಗೆ ಇದು ಅರ್ಥವಾಗಬೇಕೇ? ನೆಂಟರ ಬಗ್ಗೆ ಹೇಳಿದ್ದು ಮಾತ್ರ ಚೆನ್ನಾಗಿ ಅರ್ಥವಾಯಿತು. ಮತ್ತೆ ಯಾರದ್ದು ಕೊಡುತ್ತೀರಿ ಎಂದೆ. ಫ್ರಿಜ್ಜಿನಲ್ಲಿ ಆ ಗುಂಪಿನ ಒಂದೇ ಚೀಲವಿತ್ತು. ಯಾರದ್ದೋ. ಅದೂ ಹಳೆಯದು.

"ಯಾವತ್ತಿನದ್ದು?" ಎಂದು ಕೇಳಿದೆ. ಜೀವಮಾನದಲ್ಲಿ ಒಮ್ಮೆ ನನಗೆ ಸಿಕ್ಕಿದ ಸಂದರ್ಭ!

ಅವರು ಬೈಯಲಿಲ್ಲ. "ಹಳೆಯದೇ," ಎಂದರು. "ಇಟ್ಟಲ್ಲೇ ಇಟ್ರೆ ಕಣದ ಒಳಗಿನ ಪೊಟ್ಯಾಸಿಯಂ ಹೊರಗಿನ ನೀರಿಗೆ ಸೋರ್ತದೆ. ನಿನ್ನಂಥವನಿಗೆ ಎಂತ ಆಗುದಿಲ್ಲ. ಅಷ್ಟು ಸಣ್ಣ ಮಗುವಿಗೆ ಒಟ್ಟಿಗೆ ಹೋದ್ರೆ ಹೃದಯ ನಿಲ್ತದೆ. ಅದಕ್ಕೆ ತೊಳೆದು ಕೊಡುದು."

ರಕ್ತವನ್ನು ತೊಳೆಯುವುದು! ಅಕ್ಕಿ ತೊಳೆಯುವುದು ಕೇಳಿದ್ದೇನೆ, ಕೈ ತೊಳೆದುಕೊಳ್ಳುವುದೂ ಕೇಳಿದ್ದೇನೆ. ಕೈ ತೊಳೆದುಕೊಂಡೇ ಬಿಟ್ಟರೇನೋ ಎಂದು ನನಗೆ ರೇಗಿತು. ಬಾಯಿ ತೆರೆಯುವಷ್ಟರಲ್ಲಿ ಅವರು ಸಹಾಯಕಿಯನ್ನು ಕರೆದು ನನ್ನ ಕಡೆ ತೋರಿಸಿದರು.

"ತೋಳು ಹೇಗೂ ಮಡಚಿದ್ದಾನೆ, ದಂಡ ಆಗುದು ಬೇಡ. ಒಂದು ಚೀಲ ತೆಗೀರಿ. ಬೇರೆ ಯಾರಿಗಾದ್ರೂ ಆಗ್ತದೆ."

ಇದಕ್ಕೆ ಏನೆನ್ನುತ್ತೀರಿ? ನನ್ನ ಸೊಸೆಗೆ ಯಾರದ್ದೋ ಹಳೆಯ ರಕ್ತ, ನನ್ನ ತಾಜಾ ರಕ್ತ ಯಾರಿಗೋ! ಸಿಟ್ಟಿನಿಂದ ಮುಷ್ಟಿ ಬಿಗಿಹಿಡಿದೆ. "ಹಾಗೇ ಹಿಡೀರಿ, ಬೇಗ ತುಂಬ್ತದೆ," ಎಂದಳು ಆ ಹುಡುಗಿ.

ಕೊಟ್ಟು ಎದ್ದು ಬಂದಾಗ ಗಾಜಿನ ಆಚೆ ಭಾವ ಕೆಲಸದಲ್ಲಿದ್ದರು. ಚೀಲಕ್ಕೆ ಉಪ್ಪುನೀರು ಸೇರಿಸಿ, ಮೆಷಿನಿನಲ್ಲಿ ತಿರುಗಿಸಿ, ಮೇಲೆ ನಿಂತ ನೀರನ್ನು ಮೆಲ್ಲನೆ ಹೊರಗೆ ಬಿಟ್ಟು, ಮತ್ತೆ ಹೊಸ ನೀರು. ಅಡಿಯ ಕೆಂಪು ಕಲಕಬಾರದೆಂದು ಉಸಿರು ಹಿಡಿದಿದ್ದರು. ಸಹಾಯಕಿಯ ಕೈಯಿಂದ ಏನೋ ಜಾರಿ ನೆಲಕ್ಕೆ ಬಿತ್ತು. ಭಾವ ಬೈಯಲಿಲ್ಲ. ನಾನು ಕಾದೆ. ಆಮೇಲೂ ಬೈಯಲಿಲ್ಲ. ಮಗು ಉಳಿಯದೇನೋ ಎಂದು ನನಗೆ ಭಯವಾದದ್ದು ಆಗಲೇ.

ಮಗು ಉಳಿಯಿತು. ಹಳದಿ ಇಳಿದು, ಕೆಂಪಗಾಗಿ, ಈ ದೊಡ್ಡಪ್ಪನ ಮಗಳೂ ಹೌದು ಎಂಬಂತೆ ಕಿರುಚಾಡತೊಡಗಿತು. ನನ್ನ ಸಿಟ್ಟು ಮಾತ್ರ ಇಳಿಯಲಿಲ್ಲ. ತಿಂಗಳುಗಟ್ಟಲೆ ನಾನು ಭಾವನ ಹತ್ತಿರ ಸರಿಯಾಗಿ ಮಾತನಾಡಲಿಲ್ಲ. ಅವರು ಅದನ್ನು ಗಮನಿಸಲೂ ಇಲ್ಲ, ಅದಕ್ಕೆ ಇನ್ನೊಂದಿಷ್ಟು ಸಿಟ್ಟು ಬಂತು.

ಮೊನ್ನೆ ಮಗುವಿಗೆ ಕಿವಿ ಚುಚ್ಚಿಸಿದೆವು. ಅದಕ್ಕೆ ಸೋದರಮಾವನ ತೊಡೆಯೇ ಆಗಬೇಕು. ಇದಕ್ಕಾದರೂ ನಾನು ಬೇಕಾದೆನಲ್ಲ ಎಂದು ಭಾವನಿಗೆ ಕೇಳುವ ಹಾಗೆ ಹೇಳಿ ಕೂತೆ. ಅವರು ಅಕ್ಕಸಾಲಿಗನಿಗೆ ಸೂಜಿ ತೊಳೆದದ್ದು ಸಾಲದೆಂದು ಬೈದು, ಮತ್ತೆ ತೊಳೆಸಿ, ನನ್ನ ಪಕ್ಕ ಬಂದು ನಿಂತರು. ಚುಚ್ಚಿದ ಕೂಡಲೇ ಮಗು ಕಿರುಚಿತು. ಕಿವಿಯಲ್ಲಿ ಒಂದು ಹನಿ ರಕ್ತ ಬಂತು.

ದಿನವೂ ರಕ್ತದಲ್ಲೇ ಕೈಯಾಡಿಸುವ ಮನುಷ್ಯ. ಆ ಒಂದು ಹನಿಯನ್ನು ಹತ್ತಿಯಲ್ಲಿ ಒರೆಸಿ, ಹತ್ತಿಯನ್ನೇ ನೋಡುತ್ತಾ ನಿಂತುಬಿಟ್ಟರು.

"ಭಾವ, ಅವತ್ತು ಕೊಟ್ಟ ರಕ್ತವಾ ಅದು?" ಎಂದು ಕೇಳಿದೆ.

"ಅಲ್ಲ," ಎಂದರು. "ಅದರ ಪ್ರಾಯ ಮುಗಿದು ಯಾವಾಗಲೋ ಹೋಯ್ತು. ಇದು ಅವಳದ್ದೇ. ಅವಳೇ ಮಾಡಿಕೊಂಡದ್ದು."

ಕನ್ನಡಕ ತೆಗೆದು ಒರೆಸಿಕೊಂಡರು. ನೋಡಿದೆ, ಮೂಗಿನ ಮೇಲೆ ಸಿಟ್ಟು ಇರಲಿಲ್ಲ. ಅಳುತ್ತಿದ್ದ ಮಗುವನ್ನು ಎತ್ತಿ ಅವರ ಕೈಗೆ ಕೊಟ್ಟೆ.